ಹೆಸರು ಬಿಟ್ಟುಕೊಟ್ಟ ಡ್ರಿಲ್ ಮಾಸ್ತರು

ಹೈಸ್ಕೂಲಿನಲ್ಲಿ ಕನ್ನಡ ಓದಿದವರಿಗೆ ಮುದ್ದಣ ಅಂದ ಕೂಡಲೇ ಮನೋರಮೆ ನೆನಪಾಗ್ತಾಳೆ. ಮಳೆಗಾಲ. ಮನೆಗೆ ಬಂದ ಗಂಡನಿಗೆ ಉಪಚಾರ ಮಾಡಿ, ಬೇಸರ ಕಳೆಯೋಕೆ ಒಂದು ಕಥೆ ಹೇಳು ಅಂತ ಹೆಂಡತಿ ಕೇಳ್ತಾಳೆ. ಕಥೆ ಹೇಳಿದರೆ ಏನು ಕೊಡ್ತೀಯ ಅಂತ ಅವನು ಚೌಕಾಸಿಗೆ ಇಳೀತಾನೆ. ಪದ್ಯವೋ ಗದ್ಯವೋ ಅಂದರೆ ಅವಳು ಪದ್ಯವನ್ನು ಒಂದೇ ಮಾತಲ್ಲಿ ತಳ್ಳಿಹಾಕಿ ಗದ್ಯ ಸಾಕು ಅಂತಾಳೆ. ಸರಿ ಅಂತ ಅವನು ಸಂಸ್ಕೃತ ಸಮಾಸಗಳನ್ನು ಸುರಿದು ಶುರು ಮಾಡಿದರೆ, ಅಲ್ಲೇ ತಡೆದು, ಇದು ನನಗೆ ತಿಳಿಯೋದಿಲ್ಲ, ಕನ್ನಡದಲ್ಲಿ ಹೇಳು ಅಂತಾಳೆ. ನಮ್ಮ ಕ್ಲಾಸಿನಲ್ಲಿ ಈ ಪಾಠವನ್ನು ಇಬ್ಬರು ಎದ್ದುನಿಂತು ಓದಬೇಕಿತ್ತು. ಮನೋರಮೆಯ ಪಾಲು ಯಾರಿಗೆ ಬಿತ್ತೋ ಅವನ ಗತಿ ಆ ವರ್ಷಪೂರ್ತಿ ಮುಗೀತು ಅಂತಲೇ ಅರ್ಥ.

ಪಾಠದ ಮೇಲೆ ನಾಲ್ಕು ಸಾಲಿನ ಕವಿಪರಿಚಯ ಇರ್ತಿತ್ತು. ನಿಜವಾದ ಹೆಸರು ನಂದಳಿಕೆ ಲಕ್ಷ್ಮೀನಾರಾಯಣ, ಜನನ 1870, ಕೃತಿಗಳು ಇಂತಿಂಥವು. ಪರೀಕ್ಷೆಗೆ ಅಷ್ಟು ಸಾಕು. ಆ ನಾಲ್ಕು ಸಾಲಿನ ಹಿಂದೆ ಎಂಥ ವಿಚಿತ್ರ ಕಥೆ ಇದೆ ಅಂತ ನನಗೆ ತಿಳಿದದ್ದು ತುಂಬಾ ತಡವಾಗಿ, ಅದೂ ನನ್ನದೇ ಒಂದು ಸಣ್ಣ ಅವಮಾನದ ದಿನಗಳಲ್ಲಿ.

ಅವಮಾನ ಅಂದರೆ ದೊಡ್ಡದೇನಲ್ಲ. ನಾನೊಂದು ಪುಸ್ತಕ ಮಾಡಿಸಿದ್ದೆ. 500 ಪ್ರತಿ. ಎರಡು ವರ್ಷ ಕಳೆದರೂ 340 ಪ್ರತಿಗಳು ನಮ್ಮ ಮನೆಯ ದಿವಾನದ ಕೆಳಗೇ ಇದ್ದವು. ಮನೆ ಬದಲಾಯಿಸುವಾಗ ಪ್ಯಾಕರ್ಸ್ ಹುಡುಗ ರಟ್ಟಿನ ಡಬ್ಬ ಎತ್ತಿ, ‘ಸಾರ್, ಇಷ್ಟೊಂದು ಪುಸ್ತಕ ಓದ್ತೀರಾ?’ ಅಂತ ಮೆಚ್ಚುಗೆಯಿಂದ ಕೇಳಿದ. ಹೌದು ಅಂದೆ. ಎಲ್ಲಾ ಒಂದೇ ಪುಸ್ತಕ ಅಂತ ಹೇಳೋಕೆ ಬಾಯಿ ಬರಲಿಲ್ಲ. ಆಫೀಸಿನಲ್ಲಿ ಅಪ್ರೈಸಲ್ ಚೆನ್ನಾಗಿಯೇ ಆಗಿತ್ತು, ಹೊಟ್ಟೆಗೆ ತೊಂದರೆಯಿಲ್ಲ. ಆದರೂ ರಾತ್ರಿ ಹನ್ನೊಂದಕ್ಕೆ ಲ್ಯಾಪ್‌ಟಾಪ್ ತೆಗೆದಾಗ, ಯಾರಿಗೋಸ್ಕರ ಬರೀತಾ ಇದ್ದೀನಿ ಅನ್ನೋ ಪ್ರಶ್ನೆ ಎದುರಿಗೆ ಬಂದು ಕೂತ್ಕೊಳ್ತಿತ್ತು. ಆ ದಿನಗಳಲ್ಲೇ ಮುದ್ದಣನನ್ನು ಮತ್ತೆ ಓದಿದ್ದು. ಈ ಸಲ ಕವಿಪರಿಚಯದಿಂದ ಆಚೆಗೂ.

ಮುಂದೆ ಹೋಗೋ ಮೊದಲು ಒಂದು ವ್ಯವಸ್ಥೆ ಮಾಡಿಕೊಳ್ತೀನಿ. ಪುಸ್ತಕದೊಳಗೆ ಕಥೆ ಹೇಳುವ ಮುದ್ದಣನನ್ನು ‘ಅವನು’ ಅಂತಲೂ, ಪುಸ್ತಕದ ಹೊರಗೆ ಬದುಕಿದ ಲಕ್ಷ್ಮೀನಾರಾಯಣ ಮಾಸ್ತರರನ್ನು ‘ಅವರು’ ಅಂತಲೂ ಕರೀತೀನಿ. ಇಬ್ಬರನ್ನೂ ಒಂದೇ ಮಾಡಿದರೆ ಈ ಕಥೆಯ ಗಂಟು ಕಾಣೋದಿಲ್ಲ.

ಕಾರ್ಕಳದ ಹತ್ತಿರ, ಬೆಳ್ಮಣ್ಣಿನಿಂದ ತುಸು ಒಳಗೆ ನಂದಳಿಕೆ ಇದೆ. ಸಿರಿ ಜಾತ್ರೆಯಿಂದಾಗಿ ಆ ಕಡೆಯ ಜನಕ್ಕೆಲ್ಲ ಗೊತ್ತಿರುವ ಊರು. ಅಲ್ಲಿಯ ಪಾಠಾಳಿ ತಿಮ್ಮಪ್ಪಯ್ಯನವರ ಮಗ ಲಕ್ಷ್ಮೀನಾರಾಯಣ. ಬಡತನದ ಮನೆ. ಇಂಗ್ಲಿಷ್ ವಿದ್ಯಾಭ್ಯಾಸವನ್ನು ಪೂರೈಸುವ ಅನುಕೂಲ ಇರಲಿಲ್ಲ. ಆಗ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸ್ ಪ್ರೆಸಿಡೆನ್ಸಿಗೆ ಸೇರಿತ್ತು. ಹುಡುಗ ಮದ್ರಾಸಿಗೆ ಹೋಗಿ ವ್ಯಾಯಾಮದ ತರಬೇತಿ ಪಡೆದು, ಉಡುಪಿ, ಕುಂದಾಪುರದ ಶಾಲೆಗಳಲ್ಲಿ ಡ್ರಿಲ್ ಮಾಸ್ತರರಾದರು. ಡ್ರಿಲ್ ಮಾಸ್ತರು ಅಂದರೆ ಶಾಲೆಯ ಸ್ಟಾಫ್ ರೂಮಿನಲ್ಲಿ ಯಾವ ಸ್ಥಾನ ಅಂತ ಈಗಿನ ಪಿ.ಟಿ. ಮೇಷ್ಟರುಗಳನ್ನು ಕೇಳಿನೋಡಿ. ಗಣಿತದ ಮೇಷ್ಟರು ಬಂದು ‘ಇವತ್ತು ನಿಮ್ಮ ಪೀರಿಯಡ್ ನನಗೆ ಕೊಡಿ’ ಅಂತ ಅನಾಯಾಸವಾಗಿ ತಗೊಂಡು ಹೋಗ್ತಾರಲ್ಲ, ಆ ಸ್ಥಾನ. 1890ರ ದಶಕದಲ್ಲಿ ಅದಕ್ಕಿಂತ ಮೇಲಿದ್ದಿರಲಾರದು.

ಹಗಲು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಕವಾಯತು ಮಾಡಿಸುತ್ತಿದ್ದ ಮನುಷ್ಯ ಉಳಿದ ಹೊತ್ತಿನಲ್ಲಿ ಹಳೆಗನ್ನಡ ಓದುತ್ತಿದ್ದರು. ಬರೀ ಓದು ಮಾತ್ರ ಅಲ್ಲ, ಅದರಲ್ಲೇ ಬರೆಯುವಷ್ಟು ಓದು. ಯಕ್ಷಗಾನಕ್ಕೆ ‘ರತ್ನಾವತಿ ಕಲ್ಯಾಣ’, ‘ಕುಮಾರವಿಜಯ’ ಅನ್ನೋ ಪ್ರಸಂಗಗಳನ್ನು ಬರೆದರು. ಆಮೇಲೆ ‘ಅದ್ಭುತ ರಾಮಾಯಣ’, ‘ಶ್ರೀರಾಮ ಪಟ್ಟಾಭಿಷೇಕ’, ಕೊನೆಗೆ ‘ಶ್ರೀರಾಮಾಶ್ವಮೇಧ’.

ಈಗ ಆ ವಿಚಿತ್ರಕ್ಕೆ ಬರ್ತೀನಿ. ಬರೆದದ್ದನ್ನು ಅವರು ‘ನಾನು ಬರೆದದ್ದು’ ಅಂತ ಕಳಿಸಲಿಲ್ಲ. ಮೈಸೂರಿನಲ್ಲಿ ಎಂ.ಎ. ರಾಮಾನುಜಯ್ಯಂಗಾರ್ಯರು ಮತ್ತು ಎಸ್.ಜಿ. ನರಸಿಂಹಾಚಾರ್ಯರು ‘ಕಾವ್ಯಮಂಜರಿ’ ಅನ್ನೋ ಮಾಲಿಕೆ ನಡೆಸುತ್ತಿದ್ದರು. ಆಮೇಲೆ ಬಂದದ್ದು ‘ಕಾವ್ಯಕಲಾನಿಧಿ’. ಹಳೆಯ ಕವಿಗಳ ಓಲೆ, ಕಾಗದದ ಪ್ರತಿಗಳನ್ನು ಹುಡುಕಿ ಶೋಧಿಸಿ ಅಚ್ಚು ಹಾಕೋದು ಅವುಗಳ ಕೆಲಸ. ಡ್ರಿಲ್ ಮಾಸ್ತರು ತಮ್ಮ ಕೃತಿಗಳನ್ನು ಅಲ್ಲಿಗೆ ಕಳಿಸುತ್ತಾ, ಹಳೆಯ ಕಾವ್ಯದ ಪ್ರತಿ ಸಿಕ್ಕಿದೆ, ನಕಲು ಮಾಡಿ ಕಳಿಸುತ್ತಿದ್ದೇನೆ ಅನ್ನೋ ಹಾಗೆ ತೋರಿಸಿಕೊಂಡರು. ಅಂದರೆ ಕವಿಯ ಪಾತ್ರ ಬಿಟ್ಟು ನಕಲುಗಾರನ ಪಾತ್ರ ತಗೊಂಡರು. ಮೈಸೂರಿನವರು ನಂಬಿದರು, ಅಚ್ಚು ಹಾಕಿದರು.

ನಂಬೋದಕ್ಕೆ ಕಾರಣವೂ ಇತ್ತು. ನಾವು ಇವತ್ತು ಪಂಪ ಅಂದರೆ ಯಾವಾಗಲೂ ಇದ್ದವನು ಅಂದ್ಕೊಳ್ತೀವಿ. ಆದರೆ 10ನೇ ಶತಮಾನದ ಪಂಪಭಾರತ ಮೊದಲ ಬಾರಿ ಅಚ್ಚಾದದ್ದು 1898ರಲ್ಲಿ, ಬಿ.ಎಲ್. ರೈಸ್ ಅವರ ಆಸ್ಥೆಯಿಂದ. 9ನೇ ಶತಮಾನದ ಕವಿರಾಜಮಾರ್ಗವನ್ನು ಕೆ.ಬಿ. ಪಾಠಕರು ಹೊರತಂದದ್ದೂ ಅದೇ ವರ್ಷ. ಕಿಟ್ಟೆಲ್ಲರ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಿಂದ ಬಂತು. ಮಠ, ಬಸದಿ, ಹಳೆ ಮನೆಗಳ ಅಟ್ಟದಿಂದ ಸಾವಿರ ವರ್ಷದ ಪುಸ್ತಕಗಳು ಒಂದೊಂದಾಗಿ ಇಳಿದು ಬರ್ತಿದ್ದ ಕಾಲ ಅದು. ಪಂಪನೇ ಹೊಸದಾಗಿ ಸಿಗುತ್ತಿರುವಾಗ ಕರಾವಳಿಯ ಕಡೆಯಿಂದ ಮುದ್ದಣ ಅನ್ನೋ ಇನ್ನೊಬ್ಬ ಹಳೆಯ ಕವಿ ಸಿಕ್ಕಿದ ಅಂದರೆ ಯಾಕೆ ಅನುಮಾನ ಬರಬೇಕು? ಸಾವಿರ ವರ್ಷದ ಪಂಪ, ಮೂವತ್ತು ತುಂಬದ ಡ್ರಿಲ್ ಮಾಸ್ತರು, ಇಬ್ಬರೂ ಹೆಚ್ಚು ಕಡಿಮೆ ಒಂದೇ ಹೊತ್ತಿಗೆ ‘ಪ್ರಾಚೀನ ಕವಿ’ಗಳಾಗಿ ಓದುಗರ ಕೈಸೇರಿದರು. ಇದನ್ನು ನೆನೆಸಿಕೊಂಡಾಗಲೆಲ್ಲ ನನಗೆ ನಗು ಬರುತ್ತೆ.

ಇಂಗ್ಲೆಂಡಿನಲ್ಲಿ ಇಂಥದ್ದೇ ಒಬ್ಬ ಹುಡುಗ ಇದ್ದ, ಥಾಮಸ್ ಚಾಟರ್ಟನ್. ತಾನು ಬರೆದ ಪದ್ಯಗಳನ್ನು 15ನೇ ಶತಮಾನದ ಒಬ್ಬ ಸನ್ಯಾಸಿಯದ್ದು ಅಂತ ಹೇಳಿದ. 1770ರಲ್ಲಿ, 17ನೇ ವಯಸ್ಸಿನಲ್ಲಿ, ಲಂಡನ್ನಿನಲ್ಲಿ ತೀರಿಕೊಂಡ. ಆದರೆ ಅವನು ಬರವಣಿಗೆಯಿಂದಲೇ ಬದುಕಬೇಕು ಅಂತ ಆ ಊರಿಗೆ ಹೋದವನು. ಸರಿಯಾಗಿ ನೂರು ವರ್ಷದ ನಂತರ ಹುಟ್ಟಿದ ನಮ್ಮ ಮಾಸ್ತರು ಉಡುಪಿಯಲ್ಲೇ ಕವಾಯತು ಮಾಡಿಸುತ್ತಾ ಉಳಿದರು.

ಯಾಕೆ ಹೀಗೆ ಮಾಡಿದರು? ಎರಡು ಉತ್ತರ ಸಾಮಾನ್ಯವಾಗಿ ಸಿಗುತ್ತೆ. ಸಂಕೋಚ ಅನ್ನೋದು ಒಂದು, ವಿನಯ ಅನ್ನೋದು ಇನ್ನೊಂದು. ನನಗೆ ಎರಡೂ ಪೂರ್ತಿ ಒಪ್ಪಿಗೆಯಿಲ್ಲ. ಹಳೆಯ ಕಾವ್ಯಗಳಿಗೆ ಮೀಸಲಾದ ಮಾಲಿಕೆಯಲ್ಲಿ ಬದುಕಿರುವ ಕವಿಗೆ ಜಾಗವಿರಲಿಲ್ಲ. ಅದು ಸರಳ ಲೆಕ್ಕಾಚಾರ. ಅದಕ್ಕಿಂತ ಹೆಚ್ಚಾಗಿ, ಅವರಿಗೆ ತಮ್ಮ ಬರಹದ ಬಗ್ಗೆ ಒಳಗೊಳಗೆ ಭಾರೀ ಧೈರ್ಯ ಇತ್ತು ಅಂತ ನನ್ನ ಊಹೆ. ಡ್ರಿಲ್ ಮಾಸ್ತರು ಬರೆದದ್ದು ಅಂದರೆ ಪಂಡಿತರು ಮೊದಲ ಪುಟದಲ್ಲೇ ಕಾಗುಣಿತ ಹುಡುಕುತ್ತಿದ್ದರು. ಯಾರದೆಂದು ತಿಳಿಯದಿದ್ದರೆ ಪಂಡಿತರು ಬರಹವನ್ನೇ ಓದಬೇಕಾಗುತ್ತೆ. ಕುರುಡು ಪರೀಕ್ಷೆ ಅಂತ ನಮ್ಮ ಕಂಪನಿಗಳಲ್ಲಿ ಮಾಡ್ತಾರಲ್ಲ, ರೆಸ್ಯೂಮೆಯಿಂದ ಹೆಸರು, ಕಾಲೇಜು ತೆಗೆದು ಆಮೇಲೆ ಅಂಕ ಹಾಕೋದು, ಅಂಥದ್ದು. ಆ ಪರೀಕ್ಷೆಯಲ್ಲಿ ಅವರು ಪಾಸಾದರು. ಫಲಿತಾಂಶವನ್ನು ಮಾತ್ರ ಯಾರ ಹತ್ತಿರವೂ ಹೇಳಿಕೊಳ್ಳುವ ಹಾಗಿರಲಿಲ್ಲ.

ಇನ್ನೊಂದು ಚೇಷ್ಟೆ ನೋಡಿ. ಹೆಸರನ್ನು ಬಿಟ್ಟುಕೊಟ್ಟೆ ಅಂತ ತೋರಿಸಿ ಪೂರ್ತಿ ಬಿಟ್ಟುಕೊಟ್ಟಿರಲಿಲ್ಲ. ಮುದ್ದಣ ಅನ್ನೋದು ಚಿಕ್ಕಂದಿನಲ್ಲಿ ಮನೆಯವರು ಅವರನ್ನು ಕರೆಯುತ್ತಿದ್ದ ಮುದ್ದಿನ ಹೆಸರು. ಅದನ್ನೇ ಕಥೆಯೊಳಗಿನ ಕವಿಗೆ ಇಟ್ಟರು. ಮೈಸೂರಿನ ಸಂಪಾದಕರಿಗೆ ಗೊತ್ತಾಗದ, ನಂದಳಿಕೆಯ ಮನೆಯಲ್ಲಿ ಮಾತ್ರ ಗೊತ್ತಾಗುವ ಸಹಿ.

ಮನೋರಮೆಯ ವಿಷಯಕ್ಕೆ ಬಂದರೆ ನನ್ನ ಓದು ಸಂಪೂರ್ಣ ಬದಲಾಯಿತು. ಶಾಲೆಯಲ್ಲಿ ಅದು ಗಂಡ ಹೆಂಡಿರ ಸರಸ ಅಂತ ಪಾಠ ಮಾಡಿದ್ದರು. ಅದು ಹೌದು ಕೂಡ. ಆದರೆ ರಾಮಾಶ್ವಮೇಧವನ್ನು ಉದ್ದಕ್ಕೂ ಓದಿದರೆ ಕಾಣೋದು ಒಬ್ಬಳು ಓದುಗಳು. ಕಥೆ ಹೇಳುವವನು ಜಂಭ ಮಾಡಿದರೆ ಕಾಲೆಳೀತಾಳೆ, ಮಾತು ಕಗ್ಗಂಟಾದರೆ ಬಿಡಿಸು ಅಂತಾಳೆ, ಕಥೆಯ ನಡುವೆ ಅವಳಿಗೆ ಅನ್ನಿಸಿದ್ದನ್ನು ಹೇಳಿಬಿಡ್ತಾಳೆ. ಅವನು ಸಿಟ್ಟಾಗದೆ, ಅಥವಾ ಸ್ವಲ್ಪ ಸಿಟ್ಟಾದ ಹಾಗೆ ನಟಿಸಿ, ಮುಂದುವರಿಸುತ್ತಾನೆ. ಇಡೀ ಪುಸ್ತಕ ಬರೆದಿರುವುದು ಆ ಒಬ್ಬ ಓದುಗಳ ಎದುರು ಕೂತು. ಹೊಸಗನ್ನಡದ ಮುಂಗೋಳಿ ಅಂತ ಆಮೇಲಿನವರು ಮುದ್ದಣನನ್ನು ಕರೆದರಲ್ಲ, ಆ ಹೊಸತನ ಇರುವುದು ಮುಖ್ಯವಾಗಿ ಈ ಮಾತುಕತೆಯಲ್ಲೇ. ಕುದುರೆಯ ಹಿಂದೆ ಹೋಗುವ ಶತ್ರುಘ್ನನ ಯುದ್ಧಗಳು ನನಗೆ ಅಲ್ಲಲ್ಲಿ ಆಕಳಿಕೆ ತರಿಸಿವೆ, ಸುಳ್ಳು ಯಾಕೆ ಹೇಳಲಿ. ಮನೋರಮೆ ಬಾಯಿ ತೆರೆದ ಕೂಡಲೇ ಎದ್ದು ಕೂತ್ಕೊಳ್ತೀನಿ.

ಪ್ರಸಿದ್ಧಿಯನ್ನೇ ಬಾಗಿಲ ಹೊರಗಿಟ್ಟು ಬರೆದವರು ಕಾಲ್ಪನಿಕವಾಗಿಯಾದರೂ ಒಬ್ಬ ಓದುಗಳನ್ನು ಒಳಗೆ ಕರೆದು ಕೂರಿಸಿಕೊಂಡರು. ದಿವಾನದ ಕೆಳಗೆ 340 ಪ್ರತಿ ಇಟ್ಟುಕೊಂಡವನಿಗೆ ಇದು ಎಷ್ಟು ಸಮಾಧಾನ ಕೊಟ್ಟಿತು ಅಂದರೆ, ನಾನು ಸುಮಾರು ಎರಡು ವಾರ ಎಲ್ಲರಿಗೂ ಇದೇ ಕಥೆ ಹೇಳಿಕೊಂಡು ತಿರುಗಿದೆ.

ಅದೇ ತಲೆಮಾರಿನಲ್ಲಿ ಇನ್ನೊಂದು ದಾರಿಯೂ ಇತ್ತು ಅನ್ನೋದನ್ನು ಮರೆಯಬಾರದು. ಮುದ್ದಣರಿಗಿಂತ ಒಂದು ವರ್ಷ ಮೊದಲು, 1869ರಲ್ಲಿ, ಹಾವೇರಿ ಕಡೆಯ ಗಳಗನಾಥದಲ್ಲಿ ವೆಂಕಟೇಶ ತಿರಕೋ ಕುಲಕರ್ಣಿ ಹುಟ್ಟಿದರು. ಅವರೂ ಮಾಸ್ತರರೇ. ಊರಿನ ಹೆಸರಿನಿಂದಲೇ ಗಳಗನಾಥರಾದರು. ಕಾದಂಬರಿ ಬರೆದರು, ‘ಸದ್ಬೋಧ ಚಂದ್ರಿಕೆ’ ಪತ್ರಿಕೆಗೆ ದುಡಿದರು, ಆಮೇಲೆ ತಮ್ಮ ಪುಸ್ತಕಗಳ ಗಂಟು ಹೊತ್ತು ಊರೂರು ಅಲೆದು ಮಾರಿದರು. ಕನ್ನಡದಲ್ಲಿ ಓದುವ ಚಟ ಹತ್ತಿಸಿದವರಲ್ಲಿ ಅವರೊಬ್ಬರು. ಗಂಟು ಹೊತ್ತರೂ ಶ್ರೀಮಂತಿಕೆ ಬರಲಿಲ್ಲ. ಆದರೆ ಮನೆ ಬಾಗಿಲಲ್ಲಿ ನಿಂತು, ಪುಸ್ತಕ ಕೊಂಡವರ ಮುಖವನ್ನು ಅವರು ನೋಡಿದರು. ಒಬ್ಬರು ಓದುಗರನ್ನು ಹುಡುಕಿಕೊಂಡು ಹೋದರು, ಇನ್ನೊಬ್ಬರು ಓದುಗಳನ್ನು ಸೃಷ್ಟಿಸಿಕೊಂಡರು. ನನಗೆ ಗಳಗನಾಥರ ದಾರಿ ಕಷ್ಟದ್ದು ಅನ್ನಿಸುತ್ತೆ. ಆ 340 ಪ್ರತಿಗಳನ್ನು ಹೊತ್ತು ನಮ್ಮ ಅಪಾರ್ಟ್‌ಮೆಂಟಿನ ಒಂದು ಮಹಡಿಯನ್ನೂ ನಾನು ಸುತ್ತಿಲ್ಲ.

ಇಷ್ಟನ್ನು ಬರೆದು, ಎಂದಿನಂತೆ ಸಾಗರದಲ್ಲಿರುವ ನನ್ನ ಸೋದರತ್ತೆಗೆ ಕಳಿಸಿದೆ. ಅತ್ತೆ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವರು. ನಾನು ಬರೆದದ್ದನ್ನೆಲ್ಲ ಓದುವ ಒಬ್ಬರೇ ಒಬ್ಬರು ಯಾರು ಅಂತ ಕೇಳಿದರೆ ಅವರೇ. ಮರುದಿನ ಬೆಳಿಗ್ಗೆ, ನಾನು ಆಫೀಸಿಗೆ ಹೊರಡೋ ಗಡಿಬಿಡಿಯಲ್ಲಿ, ಫೋನು ಬಂತು.

‘ಎಂತ ಮಾರಾಯ, ಚಂದ ಬರ್ದಿದೀಯ. ಆದ್ರೆ ಒಂದು ಕೇಳ್ತೀನಿ. ಅವನ ಹೆಂಡ್ತಿ ಹೆಸರು ಏನು?’

‘ಮನೋರಮೆ.’

‘ಅದು ಪುಸ್ತಕದವಳು. ಮನೇಲಿದ್ದವಳ ಹೆಸರು ಕೇಳಿದ್ದು.’

‘ಕಮಲಾ, ಅತ್ತೆ. ನಿಮ್ಮ ಶಿವಮೊಗ್ಗ ಕಡೆಯವರೇ. 1893ರಲ್ಲಿ ಮದುವೆ.’

‘ಗೊತ್ತಿದ್ದೂ ಬರೀಲಿಲ್ಲ ನೋಡು. ಮಾಸ್ತರಿಗೆ ತೃಪ್ತಿ ಸಿಕ್ತು, ಒಪ್ದೆ. ಮೂವತ್ತೊಂದು ವರ್ಷಕ್ಕೆ ಕ್ಷಯ ಬಂದು ಹೋದ. ಸಣ್ಣ ಮಗು ಇಟ್ಕೊಂಡು ಉಳಿದವಳಿಗೆ ಎಂತ ಸಿಕ್ತು? ಗಂಡ ಪುಸ್ತಕ ಬರೆದಿದಾನೆ ಅಂತ ಹೇಳ್ಕೊಳ್ಳೋಕೂ ಇಲ್ಲ. ಅದರ ಮೇಲೆ ಅವನ ಹೆಸರೇ ಇಲ್ವಲ್ಲ!’

ನನ್ನ ಹತ್ತಿರ ಉತ್ತರ ಇರಲಿಲ್ಲ. ‘ಕ್ಯಾಬ್ ಬಂತು ಅತ್ತೆ’ ಅಂದೆ. ನಿಜವಾಗಿಯೂ ಬಂದಿತ್ತು.

ಔಟರ್ ರಿಂಗ್ ರೋಡಿನಲ್ಲಿ ಒಂದೂವರೆ ಗಂಟೆ ಕೂತು ಯೋಚಿಸೋಕೆ ಸಮಯ ಸಿಕ್ಕಿತು. ಸಂಬಳ ಬರುವ, ಇನ್ಶೂರೆನ್ಸ್ ಇರುವ ನಮ್ಮಂಥವರಿಗೆ ಹೆಸರು, ಹಣ ಬೇಡ, ಬರೆದ ಸುಖ ಸಾಕು ಅನ್ನೋದು ಸುಲಭ. 1901ರ ಫೆಬ್ರವರಿಯಲ್ಲಿ ಉಡುಪಿಯಲ್ಲಿ ಆ ಡ್ರಿಲ್ ಮಾಸ್ತರು ತೀರಿಕೊಂಡಾಗ ಕ್ಷಯಕ್ಕೆ ಔಷಧವೇ ಇರಲಿಲ್ಲ. ಅದನ್ನು ಗುಣಪಡಿಸುವ ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದು 1940ರ ದಶಕದಲ್ಲಿ. ಇದ್ದದ್ದು ಗಾಳಿ, ಹಾಲು, ವಿಶ್ರಾಂತಿ, ಇವಕ್ಕೆಲ್ಲ ದುಡ್ಡು ಬೇಕು. ಅವರ ಕೆಲವು ಬರಹಗಳು ಸಿಗದೇ ಹೋದವು. ಆ ಹಳೆಯ ಕವಿ ಇವರೇ ಅಂತ ಕನ್ನಡದ ಓದುಗರಿಗೆ ಖಚಿತವಾಗಿ ಗೊತ್ತಾದದ್ದು ಅವರು ಹೋಗಿ ಎಷ್ಟೋ ವರ್ಷಗಳಾದ ಮೇಲೆ. ಕರಾವಳಿಯ ಸಾಹಿತಿಗಳು ಒತ್ತಾಯ ಮಾಡಿ, ಗುರುತಿದ್ದವರ ಮಾತು, ಹಳೆಯ ಕಾಗದಪತ್ರ ಎಲ್ಲ ಸೇರಿಸಿ ತೋರಿಸಬೇಕಾಯಿತು. ಅಷ್ಟರವರೆಗೆ ಕಮಲಾ ಯಾರೋ ಒಬ್ಬ ಡ್ರಿಲ್ ಮಾಸ್ತರರ ವಿಧವೆ.

ಹಾಗಾದರೆ ಮಾಸ್ತರು ತೃಪ್ತರಾಗಿದ್ದರು ಅನ್ನೋದು ನಾನು ನನ್ನ ಅನುಕೂಲಕ್ಕೆ ಕಟ್ಟಿಕೊಂಡ ಕಥೆಯೇ? ಅರ್ಧ ಹೌದು ಅನ್ನಿಸುತ್ತೆ. ಅವರ ಮನಸ್ಸಿನೊಳಗೆ ಹೋಗಿ ನೋಡಿದವರಿಲ್ಲ. ಆದರೆ ಇನ್ನರ್ಧಕ್ಕೆ ಪುಸ್ತಕವೇ ಸಾಕ್ಷಿ. ಬಡತನ, ಕಾಯಿಲೆ, ಯಾರಿಗೂ ಬೇಡದ ನೌಕರಿ, ಇಷ್ಟರ ನಡುವೆ ಬರೆದ ರಾಮಾಶ್ವಮೇಧದಲ್ಲಿ ಎಲ್ಲೂ ಗೋಳಿನ ದನಿ ಇಲ್ಲ. ಗಂಡ ಹೆಂಡತಿ ನಗ್ತಾರೆ, ಕೀಟಲೆ ಮಾಡ್ತಾರೆ, ಹೊಸ ಹೊಸ ಕನ್ನಡ ಪದಗಳನ್ನು ಟಂಕಿಸಿ ಆಟ ಆಡ್ತಾರೆ. ಹೆಸರು ಸಿಗೋದಿಲ್ಲ ಅಂತ ಗೊತ್ತಿದ್ದೂ ಒಬ್ಬ ಮನುಷ್ಯ ಅಷ್ಟು ಅಚ್ಚುಕಟ್ಟಾಗಿ ನಗಿಸಲು ಕೂತಿದ್ದರು ಅಂದರೆ, ಬರೆಯುವ ಹೊತ್ತಿನಲ್ಲಾದರೂ ಅವರು ಸುಖವಾಗಿದ್ದರು ಅಂತ ನಂಬ್ತೀನಿ. ಅದರ ಬೆಲೆಯಲ್ಲಿ ಒಂದು ಪಾಲನ್ನು ಕಮಲಾ ಕೊಟ್ಟರು. ಅವರನ್ನು ಕೇಳಿ ತಗೊಂಡದ್ದಲ್ಲ ಆ ಪಾಲು. ಪುಸ್ತಕದಲ್ಲಿ ಮನೋರಮೆಗೆ ಅಷ್ಟು ಮಾತು ಕೊಟ್ಟದ್ದು ಆ ಸಾಲದ ಅರಿವಿನಿಂದಲೋ ಏನೋ, ಕ್ಯಾಬಿನಲ್ಲಿ ಕೂತು ಹಾಗೆಲ್ಲ ಅನ್ನಿಸಿತು.

2017ರಲ್ಲಿ ಅಂಚೆ ಇಲಾಖೆ ಸಾಹಿತಿಗಳ ಹೆಸರಿನಲ್ಲಿ ಒಂದು ಗುಂಪು ಅಂಚೆಚೀಟಿಗಳನ್ನು ಹೊರತಂದಿತು. ಅದರಲ್ಲಿ ಕುವೆಂಪು ಇದ್ದಾರೆ, ಕವಿ ಮುದ್ದಣರೂ ಇದ್ದಾರೆ. ಹಸ್ತಪ್ರತಿಯ ಕಟ್ಟಿಗೆ ಚೀಟಿ ಅಂಟಿಸಿ, ತಮ್ಮದಲ್ಲ ಅಂತ ಹೇಳಿ, ಘಟ್ಟದ ಮೇಲಿನ ಮೈಸೂರಿಗೆ ಅಂಚೆಗೆ ಹಾಕಿದವರು. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ, ಅವರು ಹೋದ ಮೇಲೆ. ಆ ಕಟ್ಟುಗಳು ಗಾಡಿ, ಓಟಗಾರರ ಹೆಗಲು ಏರಿ ಎಷ್ಟು ದಿನಕ್ಕೆ ತಲುಪುತ್ತಿದ್ದವೋ, ತಲುಪಿತು ಅನ್ನೋ ಕಾಗದ ಬರುವವರೆಗೆ ಮಾಸ್ತರು ಕವಾಯತಿನ ನಡುವೆ ಎಷ್ಟು ಸಲ ಪೋಸ್ಟ್‌ಮ್ಯಾನ್ ದಾರಿ ನೋಡುತ್ತಿದ್ದರೋ.

ಸಂಜೆ ಅತ್ತೆಗೆ ಫೋನ್ ಮಾಡಿ, ಕಮಲಾ ಬಗ್ಗೆ ಸೇರಿಸಿದ್ದೀನಿ ಅಂದೆ.

‘ಎಷ್ಟು ಸೇರಿಸಿದೀಯ?’

‘ಎರಡು ಪ್ಯಾರಾ.’

‘ಸಾಲ್ದು. ಇರ್ಲಿ, ಕಳಿಸು ನೋಡ್ತೀನಿ. ಮತ್ತೆ ಆ ಯುದ್ಧ ಬಂದ್ರೆ ಆಕಳಿಕೆ ಬರುತ್ತೆ ಅಂತ ಬರ್ದಿದೀಯಲ್ಲ, ಅದನ್ನ ತೆಗೀ. ನಾನು ಕ್ಲಾಸಲ್ಲಿ ಮಕ್ಕಳಿಗೆ ಅದನ್ನೇ ಓದಿಸ್ತಿದ್ದೆ.’

ತೆಗೆದಿಲ್ಲ. ನಾಳೆ ಬೆಳಿಗ್ಗೆ ಮತ್ತೆ ಫೋನು ಬರುತ್ತೆ.